ಮೊದಲ ಕಂಟೇನರ್ ರಮ್, ಜಿನ್: ಲೇಬಲ್ ಒಪ್ಪಿಗೆ ಮೊದಲೋ, ಆರ್ಡರ್ ಮೊದಲೋ?

ಹೊಸ_ಆಮದುದಾರ:
ಆಮದು ಲೈಸೆನ್ಸ್ ಕೈಗೆ ಬಂದಿದೆ. ಒಂದು ರಮ್, ಒಂದು ಸ್ಪೈಸ್ಡ್ ರಮ್ (ಮಸಾಲೆ ಸುವಾಸನೆ ಸೇರಿಸಿದ್ದು), ಒಂದು ಜಿನ್, ಒಟ್ಟು 600 ಕೇಸ್ ತರಿಸುವ ಯೋಚನೆ. ಕೇಸಿಗೆ 700 ಎಂಎಲ್‌ನ ಆರು ಬಾಟಲಿ, ಎಲ್ಲವೂ 43% ಮದ್ಯಸಾರ. ತಯಾರಕರು ಎಕ್ಸ್ ವರ್ಕ್ಸ್ ದರ (ಅವರ ಕಾರ್ಖಾನೆಯಲ್ಲೇ ಮಾಲು ಒಪ್ಪಿಸುವ ದರ) ಕೊಟ್ಟು ಅರ್ಧ ಹಣ ಮುಂಗಡ ಕೇಳುತ್ತಿದ್ದಾರೆ. ಮಾಲು ಬಾಂಡ್ ಗೋದಾಮಿಗೆ (ಸುಂಕ ಕಟ್ಟುವವರೆಗೆ ಮಾಲು ಇಡುವ ಗೋದಾಮು) ಬಂದ ಮೇಲೆ ಲೇಬಲ್ ಕೆಲಸ ಮುಗಿಸಿಕೊಂಡರೆ ಆಗದೇ? ಸುಂಕಕ್ಕೆ ಎಷ್ಟು ಲೀಟರ್ ಲೆಕ್ಕ ಹಿಡಿಯಬೇಕು?

ಬಾಂಡ್‌ಗೋದಾಮು:
ಮುಂಗಡ ಸದ್ಯಕ್ಕೆ ತಡೆಹಿಡಿಯಿರಿ. ಬಾಟಲಿಯ ಅಳತೆಯಿಂದ ಶುರು ಮಾಡಿ. ಯುರೋಪಿಯನ್ ಒಕ್ಕೂಟದಲ್ಲಿ 700 ಎಂಎಲ್ ನಡೆಯುತ್ತೆ, 750 ನಡೆಯಲ್ಲ. ಅಮೆರಿಕದಲ್ಲಿ 2020ರ ಕೊನೆಯವರೆಗೆ ಇದಕ್ಕೆ ತದ್ವಿರುದ್ಧ ಇತ್ತು. ನಿಮ್ಮಲ್ಲಿ 700ಕ್ಕೆ ಅನುಮತಿ ಇಲ್ಲದಿದ್ದರೆ ಯಾವ ಸ್ಟಿಕ್ಕರೂ ಕಾಪಾಡಲ್ಲ, ಮಾಲು ವಾಪಸ್ ಕಳಿಸಬೇಕು ಇಲ್ಲವೇ ನಾಶ ಮಾಡಿಸಬೇಕು.

ಬಾಂಡ್‌ನೊಳಗೆ ಅಂಟಿಸಲು ಸಾಮಾನ್ಯವಾಗಿ ಬಿಡುವುದು ಆಮದುದಾರರ ವಿಳಾಸ, ಆರೋಗ್ಯದ ಎಚ್ಚರಿಕೆ, ಅಬಕಾರಿ ಸ್ಟಿಕ್ಕರ್ ಇಷ್ಟನ್ನೇ. ಲಾಟ್ ನಂಬರ್ (ಯಾವ ಸಲದ ತಯಾರಿಕೆ ಅಂತ ಗುರುತಿಸುವ ಸಂಖ್ಯೆ), ಮದ್ಯಸಾರದ ಪ್ರಮಾಣ, ಮೂಲ ದೇಶ ಇವನ್ನು ಮುಚ್ಚುವ ಹಾಗೆ ಅಂಟಿಸಿದರೆ ತಕರಾರು ಖಚಿತ. ಲಾಟ್ ನಂಬರ್ ಕೆರೆದು ತೆಗೆದ ಬಾಟಲಿ ಅಗ್ಗಕ್ಕೆ ಸಿಗುತ್ತೆ ಅಂತ ಯಾರಾದರೂ ಆಸೆ ತೋರಿಸಿದರೆ ಹತ್ತಿರವೂ ಹೋಗಬೇಡಿ.

ಆ ಸ್ಪೈಸ್ಡ್ ರಮ್ ನೋಡಿ, ನಿಜವಾದ ತಲೆನೋವು ಇರುವುದು ಅಲ್ಲಿ. ಯುರೋಪಿನ ನಿಯಮದಲ್ಲಿ ರಮ್‌ಗೆ ಸುವಾಸನೆ ಸೇರಿಸುವ ಹಾಗಿಲ್ಲ, ಸಿಹಿ ಲೀಟರಿಗೆ 20 ಗ್ರಾಂ ದಾಟಬಾರದು. ದಾಟಿದರೆ ಅದನ್ನು ಬರೀ 'ರಮ್' ಅಂತ ಮಾರಲು ಬಿಡಲ್ಲ. ಬೇರೆ ಕಡೆ ಬೇರೆ ವಿಂಗಡಣೆ. ಕಸ್ಟಮ್ಸ್‌ನ ಸರಕು ಸಂಕೇತದಲ್ಲಿ ರಮ್ 2208.40, ಜಿನ್ 2208.50, ಲಿಕ್ಯೂರ್ (ಸಿಹಿ ಸೇರಿಸಿದ ಮದ್ಯ) 2208.70. ಲೇಬಲ್‌ನಲ್ಲಿ ಒಂದು ಹೆಸರು, ಇನ್‌ವಾಯ್ಸ್‌ನಲ್ಲಿ ಇನ್ನೊಂದು, ಲ್ಯಾಬ್ ವರದಿಯಲ್ಲಿ ಮತ್ತೊಂದು ಅಂತಾದರೆ ಕಂಟೇನರ್ ಬಂದರಲ್ಲೇ ಕೂರುತ್ತೆ, ದಿನದ ಬಾಡಿಗೆ ನಿಮ್ಮ ತಲೆಗೆ. ಸಕ್ಕರೆ ಎಷ್ಟು ಗ್ರಾಂ ಅಂತ ತಯಾರಕರಿಂದ ಬರಹದಲ್ಲಿ ತರಿಸಿಕೊಳ್ಳಿ. ಬ್ರಾಂಡ್ ನೋಂದಣಿಗೆ ಮಾಲೀಕರ ಅಧಿಕಾರ ಪತ್ರವೂ ಸಾಮಾನ್ಯವಾಗಿ ಬೇಕಾಗುತ್ತೆ, ಎರಡನ್ನೂ ಒಟ್ಟಿಗೇ ಕೇಳಿ.

ಲೆಕ್ಕದಪುಸ್ತಕ:
600 × 6 × 0.7 = 2,520 ಲೀಟರ್ ಮಾಲು. ಅದರ 43% ಅಂದರೆ 1,083.6 ಲೀಟರ್ ಶುದ್ಧ ಮದ್ಯಸಾರ. ಅಬಕಾರಿ ಸುಂಕ ಶುದ್ಧ ಮದ್ಯಸಾರದ ಮೇಲಿದ್ದರೆ ನಿಮಗೆ ಬೇಕಾದ್ದು ಈ ಸಂಖ್ಯೆ. ಹಳೆ ಬ್ರಿಟಿಷ್ ಪದ್ಧತಿಯ ಪ್ರೂಫ್ ಲೀಟರ್‌ನಲ್ಲಿ (ಸುಮಾರು 57% ಮದ್ಯಸಾರವಿರುವ ಲೀಟರ್) ದರ ಹಾಕಿದ್ದರೆ ಇದೇ ಮಾಲು ಸುಮಾರು 1,900 ಆಗುತ್ತೆ. ದರದ ಪಕ್ಕ ಯಾವ ಲೀಟರ್ ಅಂತ ಬರೆದಿದೆಯೋ ಕಣ್ಣಿಟ್ಟು ಓದಿ.

ಲಾಟ್‌ವಾರು ಲ್ಯಾಬ್ ವರದಿ ಬೇಕು. ಯುರೋಪಿನಲ್ಲಿ ಲೇಬಲ್‌ಗೂ ಪರೀಕ್ಷೆಗೂ 0.3%ರಷ್ಟು ಹೆಚ್ಚುಕಡಿಮೆ ಒಪ್ಪುತ್ತಾರೆ, ನಿಮ್ಮಲ್ಲಿ ಎಷ್ಟು ಅಂತ ನೋಡಿಕೊಳ್ಳಿ. ಇನ್ನೊಂದು, ಅನೇಕ ಕಡೆ ಸೀಮಾ ಸುಂಕವನ್ನು ಸಾಗಣೆ, ವಿಮೆ ಸೇರಿದ ಬೆಲೆಯ ಮೇಲೆ ಹಾಕಿ, ಅದಕ್ಕೆ ಅಬಕಾರಿ ಸೇರಿಸಿ, ಆ ಮೊತ್ತದ ಮೇಲೆ ಮಾರಾಟ ತೆರಿಗೆ ಹಾಕುತ್ತಾರೆ. ಅಂದರೆ ತೆರಿಗೆಯ ಮೇಲೆ ತೆರಿಗೆ. ಬೇರೆ ಬೇರೆಯಾಗಿ ಕೂಡಿಸಿದರೆ ಲೆಕ್ಕ ಕಡಿಮೆ ಬರುತ್ತೆ, ಲಾಭ ಇದೆ ಅಂತ ಭ್ರಮೆ ಹುಟ್ಟುತ್ತೆ. ಬಾಂಡ್‌ನಿಂದ ಬಿಡಿಸಿದಷ್ಟಕ್ಕೇ ಸುಂಕ ಕಟ್ಟುವ ಪದ್ಧತಿ ಇದ್ದರೆ 50 ಕೇಸ್, 50 ಕೇಸ್ ಬಿಡಿಸಿ. 600ಕ್ಕೂ ಒಂದೇ ಸಲ ಕಟ್ಟಿ ದುಡ್ಡು ಸಿಕ್ಕಿಸಿಕೊಳ್ಳಬೇಡಿ.

ಹಡಗುಚೀಟಿ:
ಎಕ್ಸ್ ವರ್ಕ್ಸ್ ಬೇಡ. ಆ ಷರತ್ತಿನಲ್ಲಿ ಅವರ ದೇಶದ ರಫ್ತು ಕಾಗದಪತ್ರವೂ ನಿಮ್ಮ ಹೆಗಲಿಗೇ ಬೀಳುತ್ತೆ. ಸುಂಕ ಕಟ್ಟದ ಮದ್ಯ ಅಲ್ಲಿಂದ ಹೊರಡಿಸಲು ಅಲ್ಲಿನ ಅಬಕಾರಿ ದಾಖಲೆ ಬೇಕು, ಹೊರಗಿನವರಿಗೆ ಅದು ಸುಲಭವಲ್ಲ. ಎಫ್‌ಸಿಎ ಕೇಳಿ, ಅದರಲ್ಲಿ ರಫ್ತು ಕಾಗದಪತ್ರ ಮಾರುವವರದ್ದೇ.

ವಿಮೆಯಲ್ಲಿ ಬಹಳ ಜನ ಎಡವುತ್ತಾರೆ. ಇನ್‌ಕೋಟರ್ಮ್ಸ್ 2020ರ (ಅಂತರರಾಷ್ಟ್ರೀಯ ವ್ಯಾಪಾರ ಷರತ್ತುಗಳ) ಪ್ರಕಾರ ಸಿಐಎಫ್‌ನಲ್ಲಿ, ಅಂದರೆ ಸಾಗಣೆ, ವಿಮೆ ಸೇರಿದ ದರದಲ್ಲಿ, ಮಾರುವವರು ಮಾಡಿಸಬೇಕಾದ ಕನಿಷ್ಠ ವಿಮೆ 'ಸಿ' ಕ್ಲಾಜ್ (ಸರಕು ವಿಮೆಯ ಅತಿ ಕಿರಿದಾದ ಷರತ್ತು). ಎತ್ತಿಳಿಸುವಾಗ ಗಾಜು ಒಡೆದರೆ, ಕಳ್ಳತನವಾದರೆ ಅದರಲ್ಲಿ ಪರಿಹಾರ ಇಲ್ಲ. ಮದ್ಯಕ್ಕೆ ಈ ಎರಡೇ ದೊಡ್ಡ ಭಯ. ಅತಿ ವಿಸ್ತಾರವಾದ 'ಎ' ಕ್ಲಾಜ್ ನೀವೇ ಮಾಡಿಸಿ.

ಪ್ಯಾಲೆಟ್‌ಗೆ 60 ಕೇಸಿನಂತೆ ಕಟ್ಟಿದರೆ ಹತ್ತು ಪ್ಯಾಲೆಟ್, 20 ಅಡಿಯ ಒಂದೇ ಕಂಟೇನರ್ ಸಾಕು. ಬಾಟಲಿ ನಿಂತೇ ಇರಬೇಕು: ಮಲಗಿಸಿದರೆ ಮದ್ಯಸಾರ ಬಿರಡೆಯನ್ನು ತಿಂದು ಸೋರಿಸುತ್ತೆ. ರಾತ್ರಿ ತಂಪಾದಾಗ ಕಂಟೇನರ್ ಚಾವಣಿಯಿಂದ ನೀರು ತೊಟ್ಟಿಕ್ಕಿ ಲೇಬಲ್ ಸುಕ್ಕುಗಟ್ಟುತ್ತೆ. ತೇವ ಹೀರುವ ಚೀಲ ತೂಗುಹಾಕಿಸಿ, ಪ್ಯಾಲೆಟ್ ಮೇಲೆ ರಟ್ಟಿನ ಹೊದಿಕೆ ಹಾಕಿಸಿ.

ಹೊಸ_ಆಮದುದಾರ:
ನೋಂದಣಿಗೆ ಮಾದರಿ ಬಾಟಲಿ ಬೇಕಲ್ಲ, ಅದಕ್ಕೂ ಸುಂಕವೇ? ಕೊರಿಯರ್‌ನಲ್ಲಿ ತರಿಸಬಹುದೇ?

ಹಡಗುಚೀಟಿ:
ಬಹುತೇಕ ಕಡೆ ಸುಂಕ ಇದೆ. ಬೆಲೆ ಸೊನ್ನೆ ಅಂತ ಬರೆಸಬೇಡಿ, ಅದಕ್ಕೇ ತಡೆಯುತ್ತಾರೆ. ನಿಜವಾದ ಬೆಲೆ ಹಾಕಿ 'ಮಾದರಿ, ಮಾರಾಟಕ್ಕಲ್ಲ' ಅಂತ ಸೇರಿಸಿ. 43% ಮದ್ಯ 5 ಲೀಟರ್ ಮೀರದ ಪಾತ್ರೆಯಲ್ಲಿದ್ದರೆ ವಿಮಾನ ಸಾಗಣೆಯ ಅಪಾಯಕಾರಿ ಸರಕಿನ ನಿಯಮ ತಾಗಲ್ಲ, ಆದರೂ ಕೆಲವು ಕೊರಿಯರ್‌ಗಳು ಮದ್ಯ ಮುಟ್ಟಲ್ಲ, ಮೊದಲೇ ವಿಚಾರಿಸಿ. ಒಂದೊಂದು ಬ್ರಾಂಡಿಗೆ ಎರಡು ಬಾಟಲಿ ಜಾಸ್ತಿ ತರಿಸಿ: ಬಂದರಿನಲ್ಲೂ ಪರೀಕ್ಷೆಗೆ ತೆಗೆದರೆ ಹೋಲಿಸಲು ಕೈಯಲ್ಲಿ ಒಂದು ಇರುತ್ತೆ.