ಅಪ್‌ಡೇಟ್: ವರ್ಷದ ಓದಿನ ಚಾಲೆಂಜ್ ಮತ್ತೆ ಹಳಿಗೆ ಬಂತು

ವರ್ಷಕ್ಕೆ 52 ಪುಸ್ತಕ ಅಂತ ಶುರು ಮಾಡಿ ಹಿಂದೆ ಬಿದ್ದಿದ್ದೇನೆ, ಏನು ಮಾಡಲಿ ಅಂತ ಕೇಳಿದ್ದೆ ಅಲ್ವಾ? ಪುಸ್ತಕದ ಬದಲು ಪುಟ ಎಣಿಸಿ ಅಂದವರ ಮಾತು ಕೇಳಿದೆ. ದಿನಕ್ಕೆ 25 ಪುಟ ಅಂದರೆ ವರ್ಷಕ್ಕೆ 9,125 ಪುಟ, 300 ಪುಟದ ಪುಸ್ತಕಗಳಾದರೆ ಸುಮಾರು 30. ನನಗೆ ಅಷ್ಟು ಸಾಕು. ಮೊದಲು ಲೆಕ್ಕ ತುಂಬಬೇಕು ಅಂತ ತೆಳ್ಳಗಿನ ಪುಸ್ತಕಗಳನ್ನೇ ಹುಡುಕುತ್ತಿದ್ದೆ, ಇಷ್ಟವಾದ ಪುಟವನ್ನು ಇನ್ನೊಮ್ಮೆ ಓದಲೂ ಮನಸ್ಸು ಬರುತ್ತಿರಲಿಲ್ಲ. ಈಗ ದಪ್ಪ ಕಾದಂಬರಿಯನ್ನೂ ಧೈರ್ಯವಾಗಿ ಕೈಗೆತ್ತಿಕೊಳ್ಳುತ್ತೇನೆ. ರಾತ್ರಿ ಫೋನ್ ಬೇರೆ ಕೋಣೆಯಲ್ಲಿ, ದಿಂಬಿನ ಪಕ್ಕ ಪುಸ್ತಕ, ನಿಲ್ಲಿಸಿದ ಪುಟದಲ್ಲಿ ಪೆನ್ಸಿಲ್. ಹಿಡಿಸದಿದ್ದರೆ 50 ಪುಟಕ್ಕೇ ಬಿಟ್ಟುಬಿಡಿ ಅನ್ನುವ ಸಲಹೆ ಮಾತ್ರ ನನಗೆ ಒಗ್ಗಲಿಲ್ಲ, ಕೆಲವು ಪುಸ್ತಕಗಳು ನಿಧಾನಕ್ಕೇ ಹಿಡಿಸುತ್ತವೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.