ಫುಡ್ ಸ್ಟ್ಯಾಂಪ್, ಮೆಡಿಕೇಡ್ ಎರಡೂ ಒಟ್ಟಿಗೆ ಹೋಗುತ್ತಾ?

ಓಹಾಯೋ_ಅಕ್ಕ:
ನಮ್ಮ ಅಂಗಡಿಯಲ್ಲಿ ನನ್ನ ಪಕ್ಕದ ಕೌಂಟರ್‌ನಲ್ಲಿ ಕೆಲಸ ಮಾಡುವವರೊಬ್ಬರಿದ್ದಾರೆ, ವಯಸ್ಸು 57. ಶುಗರ್ ಇದೆ. ಇನ್ಸುಲಿನ್ ಮೆಡಿಕೇಡ್‌ನಲ್ಲಿ (ಇಲ್ಲಿ ಅಮೆರಿಕದಲ್ಲಿ ಬಡವರಿಗಿರುವ ಸರ್ಕಾರಿ ಆರೋಗ್ಯ ವಿಮೆ), ದಿನಸಿ ಫುಡ್ ಸ್ಟ್ಯಾಂಪ್‌ನಲ್ಲಿ (ದಿನಸಿಗೆ ಸರ್ಕಾರ ಕೊಡುವ ನೆರವು). ಮೊನ್ನೆ ಒಂದು ಲಕೋಟೆ ಹಿಡಿದುಕೊಂಡು ಬಂದರು, ಊಟದ ಹೊತ್ತಲ್ಲಿ ಇಬ್ಬರೂ ಕೂತು ಮೂರು ಸಲ ಓದಿದೆವು. ಫುಡ್ ಸ್ಟ್ಯಾಂಪ್ ಬೇಕಂದ್ರೆ ತಿಂಗಳಿಗೆ 80 ಗಂಟೆ ಕೆಲಸ ಮಾಡಿದ್ದಕ್ಕೆ ದಾಖಲೆ ಕೊಡಬೇಕಂತೆ. ಇವರಿಗೆ ಒಂದು ವಾರ 30 ಗಂಟೆ ಸಿಕ್ಕರೆ ಇನ್ನೊಂದು ವಾರ 9. ಶಿಫ್ಟ್ ಹಾಕೋದು ಮ್ಯಾನೇಜರ್, ಇವರಲ್ಲ. ಈ ವಯಸ್ಸಿಗೂ ಇದು ಅನ್ವಯಿಸುತ್ತಾ? ಮೆಡಿಕೇಡ್ ಕೂಡ ಹೋಗುತ್ತಾ?

ಲೆಕ್ಕದ_ಮಾಮ:
ಅನ್ವಯಿಸುತ್ತದೆ ಅಕ್ಕ. ಮೊದಲು 54 ದಾಟಿದವರನ್ನು ಬಿಡುತ್ತಿದ್ದರು. 2025ರ ಜುಲೈ 4ರಂದು ಸಹಿಯಾದ ಕಾನೂನು ಅದನ್ನು 64ಕ್ಕೆ ಏರಿಸಿತು. ದಾಖಲೆ ಕೊಡದಿದ್ದರೆ ಮೂರು ವರ್ಷದಲ್ಲಿ ಮೂರೇ ತಿಂಗಳು ಸಿಗೋದು. ಆದರೆ ಗಂಟೆ ಒಂದನ್ನೇ ಎಣಿಸುತ್ತಾ ಕೂರಬೇಡಿ, ಸಂಬಳ ನೋಡಿ. ವಾರಕ್ಕೆ 217.50 ಡಾಲರ್ ದುಡಿಯುವವರಿಗೆ ವಿನಾಯಿತಿ ಇದೆ (ಕೇಂದ್ರ ಸರ್ಕಾರದ ಕನಿಷ್ಠ ಕೂಲಿ ಗಂಟೆಗೆ 7.25, ಅದರ 30 ಪಟ್ಟು). ಸರಾಸರಿ ಹೇಗೆ ಹಿಡಿಯುತ್ತಾರೆ ಅಂತ ಕೌಂಟಿ (ಜಿಲ್ಲಾ) ಆಫೀಸಿನಲ್ಲೇ ಕೇಳಿ.

ಮೆಡಿಕೇಡ್ ನಿಯಮ ಬೇರೆ. ಅದಕ್ಕೂ ಕೆಲಸದ ಷರತ್ತು ಜಾರಿಗೆ ತರಲು ರಾಜ್ಯಗಳಿಗೆ ಸಾಮಾನ್ಯ ಗಡುವು 2027ರ ಜನವರಿ. ಅಲ್ಲಿ ತಿಂಗಳಿಗೆ 580 ಡಾಲರ್ ಸಂಬಳ ತೋರಿಸಿದರೂ ಸಾಕು. ಗಂಭೀರ ಕಾಯಿಲೆಯವರಿಗೂ ವಿನಾಯಿತಿ ಇದೆ, ಇವರ ಶುಗರ್ ಅದರಲ್ಲಿ ಬರುತ್ತಾ ಅಂತ ಡಾಕ್ಟರ್ ಹತ್ತಿರ ಈಗಲೇ ಮಾತಾಡಿಸಿ.

ಸೀದಾ_ಮಾತು:
ಬೇಜಾರಾಗಬೇಡಿ, ಆದ್ರೆ ಕೈಕಾಲು ಗಟ್ಟಿ ಇರೋರು ಕೆಲಸ ಮಾಡಲಿ ಅಂದ್ರೆ ತಪ್ಪೇನು? ಟ್ಯಾಕ್ಸ್ ಕಟ್ಟೋರು ನಾವೇ ಅಲ್ವಾ.

ರಾತ್ರಿಪಾಳಿ_ನರ್ಸ್:
ಅವರು ಕೆಲಸ ಮಾಡ್ತಾನೇ ಇದ್ದಾರಲ್ಲ ಸರ್. 2018ರಲ್ಲಿ ಅರ್ಕನ್ಸಾ ರಾಜ್ಯದಲ್ಲಿ ಮೆಡಿಕೇಡ್‌ಗೆ ಇದೇ ಷರತ್ತು ಹಾಕಿದ್ದರು. ಕೆಲವೇ ತಿಂಗಳಲ್ಲಿ 18,000ಕ್ಕೂ ಹೆಚ್ಚು ಜನರ ಮೆಡಿಕೇಡ್ ಹೋಯಿತು, ಕೆಲಸಕ್ಕೆ ಸೇರಿದವರು ಹೆಚ್ಚಲೇ ಇಲ್ಲ. ಶುರುವಿನಲ್ಲಿ ವೆಬ್‌ಸೈಟಿನಲ್ಲೇ ತುಂಬಬೇಕಿತ್ತು, ಆ ವೆಬ್‌ಸೈಟೋ ರಾತ್ರಿ 9ರಿಂದ ಬೆಳಗ್ಗೆ 7ರವರೆಗೆ ಬಂದ್. ವೆಬ್‌ಸೈಟಿಗೆ ನಿದ್ದೆ, ನಮ್ಮಂಥವರಿಗೆ ಡ್ಯೂಟಿ! 2019ರ ಮಾರ್ಚ್‌ನಲ್ಲಿ ಕೋರ್ಟು ತಡೆಯಿತು.

ಇನ್ನೊಂದು ವಿಷಯ. ಫುಡ್ ಸ್ಟ್ಯಾಂಪ್ ಕಾರ್ಡಿಗೆ ದುಡ್ಡು ಬೀಳೋದು ತಿಂಗಳಿಗೆ ಒಂದೇ ಸಲ. ಕೊನೆಯ ವಾರ ಅಡುಗೆಮನೆ ಖಾಲಿ, ಇನ್ಸುಲಿನ್ ಮಾತ್ರ ಎಂದಿನಷ್ಟೇ ಚುಚ್ಚಿಕೊಂಡಿರುತ್ತಾರೆ, ಶುಗರ್ ದಡಕ್ಕನೆ ಇಳಿಯುತ್ತದೆ. ಕ್ಯಾಲಿಫೋರ್ನಿಯಾದ ಬಡ ರೋಗಿಗಳಲ್ಲಿ ಹೀಗೆ ಆಸ್ಪತ್ರೆ ಸೇರುವವರು ಮೊದಲ ವಾರಕ್ಕಿಂತ ಕೊನೆಯ ವಾರದಲ್ಲಿ 27% ಜಾಸ್ತಿ ಅಂತ 2014ರ ಅಧ್ಯಯನವೇ ಇದೆ. ಊಟದ್ದು ಉಳಿಸಿ ಎಮರ್ಜೆನ್ಸಿಗೆ ಸುರಿಯೋದು ಯಾವ ಉಳಿತಾಯ ಹೇಳಿ.

ಓಹಾಯೋ_ಅಕ್ಕ:
ಥ್ಯಾಂಕ್ಸ್ ಮಾಮ, ಸಂಬಳದ ವಿಷಯ ಲಕೋಟೆಯ ಎರಡನೇ ಪುಟದ ಹಿಂದೆ ಸಣ್ಣಕ್ಷರದಲ್ಲಿತ್ತು, ನಾವು ನೋಡಿರಲೇ ಇಲ್ಲ. ಪೇ ಸ್ಲಿಪ್‌ಗಳನ್ನೆಲ್ಲ ಬಿಸ್ಕತ್ ಡಬ್ಬದಿಂದ ತೆಗೆದು ಫೋಟೋ ಹೊಡೆದೆವು. ಎರಡು ಸಿಕ್ಕಿಲ್ಲ. ನಾಳೆ ಮ್ಯಾನೇಜರ್ ಹತ್ತಿರ ಕೇಳಬೇಕು.