‘ನಿರೀಕ್ಷಿಸು’ ಅಂದರೆ ನೋಡುವುದೋ, ಕಾಯುವುದೋ?

ಕಂದಾಯ ನಿರೀಕ್ಷಕ, ಆರೋಗ್ಯ ನಿರೀಕ್ಷಕ ಅನ್ನುತ್ತೇವೆ. ಅಲ್ಲಿ ನಿರೀಕ್ಷಕ ಅಂದರೆ ಬಂದು ನೋಡಿ ಪರಿಶೀಲಿಸುವವನು. ಅದೇ ‘ಮಳೆ ನಿರೀಕ್ಷಿಸುತ್ತಿದ್ದೇವೆ’ ಅಂದರೆ ಮಳೆಗೆ ಕಾಯುತ್ತಿದ್ದೇವೆ ಅಂತ. ಪದ ಒಂದೇ, ಅರ್ಥ ಯಾಕೆ ಎರಡಾಯಿತು?

ಮೂಲದಲ್ಲಿ ಇದು ನೋಡುವ ಪದವೇ. ಸಂಸ್ಕೃತದ ‘ಈಕ್ಷ್’ ಧಾತುವಿಗೆ ನೋಡು ಅಂತ ಅರ್ಥ. ವೀಕ್ಷಿಸು, ಪರೀಕ್ಷೆ, ಪ್ರೇಕ್ಷಕ, ಸಮೀಕ್ಷೆ ಎಲ್ಲವೂ ಅದರ ಮನೆಯವೇ. ಹಿಂದಿಯಲ್ಲಿ ನಿರೀಕ್ಷಣ ಈಗಲೂ ತಪಾಸಣೆಯೇ. ಕಾಯುವ ಅರ್ಥ ಗಟ್ಟಿಯಾಗಿರುವುದು ನಮ್ಮಲ್ಲಿ ಮತ್ತು ತೆಲುಗಿನಲ್ಲಿ.

ನನಗನ್ನಿಸುವುದು ಇಷ್ಟು: ಕಾಯುವುದನ್ನು ನೋಡುವ ಮಾತಿನಲ್ಲೇ ಹೇಳುವುದು ನಮ್ಮ ಕಡೆಯ ಹಳೇ ರೂಢಿ. ಸಂಸ್ಕೃತದ ಪದವೂ ಇಲ್ಲಿಗೆ ಬಂದು ಆ ರೂಢಿಗೇ ಹೊಂದಿಕೊಂಡಿದೆ. ಕೋಲಾರದಲ್ಲಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಕನ್ನಡ, ತೆಲುಗು, ತಮಿಳು ಮೂರೂ ಕಿವಿಗೆ ಬೀಳುತ್ತಲೇ ಇರುತ್ತವೆ. ನಾವು ‘ಎದುರು ನೋಡು’ ಅನ್ನುತ್ತೇವೆ. ಶ್ರೀನಿವಾಸಪುರದ ಕಡೆಯ ತೆಲುಗಿನವರು ‘ಎದುರುಚೂಡು’ ಅನ್ನುತ್ತಾರೆ. ಕೆಜಿಎಫ್‌ನ ತಮಿಳರು ‘ಎದಿರ್‌ಪಾರ್’ ಅನ್ನುತ್ತಾರೆ. ಮೂರರಲ್ಲೂ ಇರುವುದು ನೋಟವೇ ಅಲ್ವಾ?

ಆ ತಮಿಳಿನ ‘ಪಾರ್’ ನಮಗೂ ಹೊಸದಲ್ಲ. ಹಳಗನ್ನಡದ ‘ಪಾರ್’ಗೂ ನೋಡು, ಎದುರುನೋಡು ಅನ್ನುವ ಅರ್ಥವಿತ್ತು. ಅದರಿಂದ ‘ಪಾರಯ್ಸು’ ಆಯಿತು. ಹಳಗನ್ನಡದ ‘ಪಾಲ್’ ಇವತ್ತಿನ ‘ಹಾಲು’ ಆದ ಹಾಗೆ ಪಕಾರ ಹಕಾರವಾಗಿ ‘ಹಾರೈಸು’ ಆಯಿತು. ಇವತ್ತು ಶುಭ ಹಾರೈಸುವಾಗ ಅದರೊಳಗೆ ನೋಡುವ ಕ್ರಿಯೆ ಇದೆ ಅಂತ ಯಾರಿಗೂ ಹೊಳೆಯುವುದಿಲ್ಲ. ನನಗಂತೂ ಈ ಪದದ ಮೇಲೆ ತುಂಬಾ ಪ್ರೀತಿ. ನೋಡುವುದು, ಕಾಯುವುದು, ಬಯಸುವುದು ಮೂರನ್ನೂ ದಾಟಿ ಬಂದ ಪದ ಅದು.

ಕೋಲಾರದ ಟೊಮೆಟೊ ಮಂಡಿಯಲ್ಲಿ ಹರಾಜಿನ ಹೊತ್ತಿಗೆ ನಿಂತು ಕೇಳಿ. ತನ್ನ ಬಾಕ್ಸ್‌ಗಳ ಪಕ್ಕ ನಿಂತ ರೈತ ‘ಎಷ್ಟಕ್ಕೆ ಕೂಗ್ತಾರೋ ನೋಡ್ತಾ ಇದ್ದೀನಿ’ ಅನ್ನುತ್ತಾನೆ. ಕಣ್ಣು ಹರಾಜಿನ ಮೇಲೆ, ಮನಸ್ಸು ಒಳ್ಳೇ ರೇಟಿನ ಮೇಲೆ. ಆ ‘ನೋಡ್ತಾ ಇದ್ದೀನಿ’ಯನ್ನು ಬರಹದಲ್ಲಿ ‘ವೀಕ್ಷಿಸುತ್ತಿದ್ದೇನೆ’ ಅಂತ ಮಾಡಿದರೆ ಅರ್ಧ ಅರ್ಥ ಹೋಯಿತು. ಪತ್ರಿಕೆಗಳಲ್ಲಿ ಸುಮ್ನೆ ‘ವೀಕ್ಷಿಸು’ ಜಾಸ್ತಿಯಾಗಿರುವುದು ನನಗೆ ಅದಕ್ಕೇ ಹಿಡಿಸುವುದಿಲ್ಲ. ರಥೋತ್ಸವವನ್ನು ಜನ ನೋಡುತ್ತಾರೆ, ಕಣ್ತುಂಬಿಕೊಳ್ಳುತ್ತಾರೆ. ಚುನಾವಣಾ ವೀಕ್ಷಕರ ಕೆಲಸಕ್ಕೆ ಮಾತ್ರ ‘ವೀಕ್ಷಿಸು’ ಸರಿಯಾಗಿ ಒಪ್ಪುತ್ತದೆ.

ನನ್ನ ಪ್ರಶ್ನೆ ಇದು. ಮುಳಬಾಗಿಲು, ಬಾಗೇಪಲ್ಲಿ, ಪಾವಗಡದ ಕಡೆ ಹಿರಿಯರ ಮಾತಿನಲ್ಲಿ ಆ ‘ಪಾರ್’ನಿಂದಲೇ ಬಂದ ‘ಹಾರು’ ಅಥವಾ ‘ಹಾರೈಸು’ ಕಾಯುವ ಅರ್ಥದಲ್ಲಿ ಇನ್ನೂ ಉಳಿದಿದೆಯಾ? ಕೇಳಿದವರು ಪೂರ್ತಿ ವಾಕ್ಯ ಬರೆದು ತಿಳಿಸಿ, ಯಾವ ಊರಿನ ಮಾತು ಅನ್ನುವುದನ್ನೂ ಸೇರಿಸಿ.